ಬಂಗಾರ ಏಕೆ ಹಸಿರಾಯಿತು?



ಹೊಂಬಣ್ಣದ ಅಂಚಿರುವ ಮರದ ಬಟ್ಟಲೊಂದನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಮನೆಯ ಷೋಕೇಸಿನಲ್ಲಿ ಇರಬಹುದು, ಮದುವೆಮನೆಯಲ್ಲಿ ಅರಿಶಿನ ಕುಂಕುಮ ಇಟ್ಟಿದ್ದಿರಬಹುದು. ಲೇತಿನ ಮೇಲೆ ಕಡೆದ ದುಂಡನೆಯ ಬಟ್ಟಲು, ಒಳಮೈಗೆ ಅಥವಾ ಅಂಚಿಗೆ ಚಿನ್ನದ ಮಿರುಗು. ತಂದ ಹೊಸತರಲ್ಲಿ ಫಳಫಳ ಹೊಳೆಯುತ್ತದೆ. ಒಂದೆರಡು ಮಳೆಗಾಲ ಕಳೆಯಲಿ, ಆಗ ನೋಡಿ. ಕೈ ತಾಗಿದ ಕಡೆ ಕಂದು ಕಲೆ, ಅಂಚಿನಲ್ಲಿ ಹಸಿರು, ಬುಡದಲ್ಲಿ ಸಣ್ಣ ಬಿರುಕು. 'ಬಣ್ಣವೇ ಕಳಪೆ' ಎಂದು ಅಂಗಡಿಯವನನ್ನು ಬೈದು ಸುಮ್ಮನಾಗುತ್ತೇವೆ. ಬೈಯುವ ಮೊದಲು ನಿಮ್ಮ ರಸಾಯನಶಾಸ್ತ್ರದ ಪುಸ್ತಕವನ್ನೊಮ್ಮೆ ತೆರೆಯಿರಿ. ಉತ್ತರದ ಅರ್ಧ ಭಾಗ ಅಲ್ಲೇ ಇದೆ.

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಲೇತ್ ಇಟ್ಟುಕೊಂಡಿರುವ ಒಬ್ಬ ಕುಶಲಕರ್ಮಿ ನನಗೆ ಪರಿಚಿತರು. ಹಳೆಯ ಬಂಗಲೆಗಳ ಕುರ್ಚಿ ಕಾಲು, ಮಂಚದ ಗುಬ್ಬಿ ಕಡೆಯುತ್ತಿದ್ದ ಮನೆತನ. ಈಗ ಆ ಕೆಲಸ ಕಡಿಮೆಯಾಗಿ, ಉಡುಗೊರೆಯ ಬಟ್ಟಲುಗಳನ್ನು ಕಡೆಯುತ್ತಾರೆ. ಒಂದು ಬೇಸಿಗೆಯಲ್ಲಿ ಮದುವೆಯೊಂದಕ್ಕೆ ನಲವತ್ತು ಬಟ್ಟಲು ಮಾಡಿಕೊಟ್ಟರು, ಒಳಮೈಗೆಲ್ಲ ಚಿನ್ನದ ಬಣ್ಣ. ಶ್ರಾವಣದ ಹೊತ್ತಿಗೆ ಅವುಗಳಲ್ಲಿ ಹದಿನೈದು ವಾಪಸು ಬಂದವು. 'ಬಂಗಾರ ಹಸರ ಆಗೇತ್ರಿ ಸಾಹೇಬ್ರ. ಮಂದಿ ನಾ ಮೋಸಾ ಮಾಡೀನಂತ ತಿಳಕೊಂಡಾರ' ಎಂದರು. ರೊಕ್ಕ ಹಿಂದಿರುಗಿಸಿದ್ದಕ್ಕಿಂತ ಆ ಮಾತೇ ಅವರನ್ನು ಹೆಚ್ಚು ನೋಯಿಸಿತ್ತು. ಅವರು ಮೋಸ ಮಾಡಿರಲಿಲ್ಲ. ಮರವನ್ನು ಚೆನ್ನಾಗಿ ಬಲ್ಲವರು, ಲೋಹದ ಸ್ವಭಾವವನ್ನು ಮಾತ್ರ ಯಾರೂ ಅವರಿಗೆ ಹೇಳಿರಲಿಲ್ಲ.

ಅಂಗಡಿಯಲ್ಲಿ 'ಗೋಲ್ಡ್ ಪೇಂಟ್' ಎಂದು ಮಾರುವ ಡಬ್ಬಿಯಲ್ಲಿ ಚಿನ್ನ ಇರುವುದಿಲ್ಲ, ಇದು ನಿಮಗೂ ಗೊತ್ತು. ಹಾಗಾದರೆ ಇರುವುದೇನು? ಸಾಮಾನ್ಯವಾಗಿ ತಾಮ್ರ ಮತ್ತು ಸತುವಿನ ಮಿಶ್ರಲೋಹ, ಅಂದರೆ ಹಿತ್ತಾಳೆ. ಅದನ್ನು ಅತಿ ಸಣ್ಣ ಚಕ್ಕೆಗಳಾಗಿ ಕುಟ್ಟಿ ಪುಡಿ ಮಾಡಿರುತ್ತಾರೆ. ನಿಮ್ಮ ಮನೆಯ ಹಿತ್ತಾಳೆ ತಂಬಿಗೆ ವಾರಗಟ್ಟಲೆ ತಿಕ್ಕದೆ ಬಿಟ್ಟರೆ ಕಪ್ಪಾಗುತ್ತದಲ್ಲವೆ? ಪುಡಿಯ ಗತಿ ಅದಕ್ಕಿಂತ ಕಷ್ಟದ್ದು. ಒಂದು ಗ್ರಾಂ ಲೋಹವನ್ನು ಪುಡಿ ಮಾಡಿದಷ್ಟೂ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಹೆಚ್ಚುತ್ತದೆ. ಗಾಳಿಯಲ್ಲಿ ಆಮ್ಲಜನಕ ಉಂಟು, ತೇವ ಉಂಟು, ಇಂಗಾಲದ ಡೈಆಕ್ಸೈಡ್ ಉಂಟು. ನಮ್ಮ ಬೆವರಿನಲ್ಲಿ ಉಪ್ಪು ಮತ್ತು ಲ್ಯಾಕ್ಟಿಕ್ ಆಮ್ಲ ಇವೆ. ಇವೆಲ್ಲ ಸೇರಿ ತಾಮ್ರವನ್ನು ಹಸಿರು ಲವಣಗಳನ್ನಾಗಿ ಮಾರ್ಪಡಿಸುತ್ತವೆ. ಬಟ್ಟಲಿನ ಮೇಲೆ ಹೆಬ್ಬೆರಳ ಗುರುತು ಅಚ್ಚೊತ್ತಿದಂತೆ ಮೂಡುವುದು ಇದರಿಂದಲೇ.

ಅಪ್ಪಟ ಚಿನ್ನದ ರೇಕಿಗೆ ಈ ಕಾಟವಿಲ್ಲ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಬಳಸುವ ಚಿನ್ನದ ರೇಕು ದಶಕಗಳು ಕಳೆದರೂ ಹಾಗೆಯೇ ಹೊಳೆಯುತ್ತಿರುತ್ತದೆ. ಗಾಳಿಯ ಆಮ್ಲಜನಕ ಚಿನ್ನವನ್ನು ಏನೂ ಮಾಡದು. ಆದರೆ ಚಿನ್ನದ ರೇಕು ಬಲು ತೆಳು. ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ದಪ್ಪ, ಉಗುರು ತಾಗಿದರೂ ಹರಿಯುತ್ತದೆ. ಅದಕ್ಕೆ ಬೇಕಾದದ್ದು ಸವೆತದಿಂದ ರಕ್ಷಣೆ. ಬೆಳ್ಳಿಯ ಶತ್ರು ಬೇರೆ. ಗಾಳಿಯಲ್ಲಿರುವ ಗಂಧಕದ ಅನಿಲಗಳು ಅದನ್ನು ಕಪ್ಪು ಸಲ್ಫೈಡ್ ಮಾಡಿಬಿಡುತ್ತವೆ. ಅಲ್ಯೂಮಿನಿಯಂ ಜಾಣ ಲೋಹ. ತನ್ನ ಮೇಲೆ ತಾನೇ ತೆಳ್ಳನೆಯ, ಬಣ್ಣವಿಲ್ಲದ ಆಕ್ಸೈಡ್ ಪೊರೆ ಹೊದ್ದುಕೊಂಡು ಸುಮ್ಮನಿರುತ್ತದೆ. ಅಂಗಡಿಯ 'ಸಿಲ್ವರ್ ಪೇಂಟ್' ಗೋಲ್ಡ್ ಪೇಂಟಿಗಿಂತ ಹೆಚ್ಚು ಬಾಳುವುದು ಈ ಕಾರಣದಿಂದ. ಅದರೊಳಗಿರುವುದು ಬಹುತೇಕ ಅಲ್ಯೂಮಿನಿಯಂ ಪುಡಿ.

ತವರವೂ ಇದೇ ಗುಣದ್ದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೆನಪಿಸಿಕೊಳ್ಳಿ. ಕಲಾಯಿಗಾರ ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿ ಬಟ್ಟೆಯಿಂದ ಒರೆಸುತ್ತಿದ್ದಂತೆ ಒಳಮೈ ಬೆಳ್ಳಿಯಾಗುತ್ತಿತ್ತು. ಹುಳಿ ತಾಗಿದರೆ ತಾಮ್ರ ಕರಗಿ ಅಡುಗೆಗೆ ಇಳಿಯುತ್ತದೆ, ಅದನ್ನು ತಡೆಯುವ ಗೋಡೆಯಾಗಿ ತವರ ನಿಲ್ಲುತ್ತದೆ. ನಾವಿಲ್ಲಿ ಮಾತನಾಡುತ್ತಿರುವ 'ಸೀಲ್ ಮಾಡುವ' ಕೆಲಸವೆಂದರೆ ಇದೇ: ಒಂದು ವಸ್ತುವಿಗೂ ಅದನ್ನು ಕೆಡಿಸುವ ಮತ್ತೊಂದಕ್ಕೂ ನಡುವೆ ಗೋಡೆ ಕಟ್ಟುವುದು.

ಮರದ ಬಟ್ಟಲಿಗೆ ಅಂಥ ಗೋಡೆ ಒಂದಲ್ಲ, ಎರಡು ಬೇಕು. ಮಿರುಗಿನ ಮೇಲೊಂದು, ಕೆಳಗೊಂದು. ಮೇಲಿನದನ್ನು ಎಲ್ಲರೂ ನೆನೆಯುತ್ತಾರೆ, ಕೆಳಗಿನದನ್ನು ಮರೆಯುತ್ತಾರೆ. ನಮ್ಮ ಕ್ಯಾಂಪಿನ ಗೆಳೆಯರ ಬಟ್ಟಲುಗಳಲ್ಲಿ ಇವೆರಡೂ ಇರಲಿಲ್ಲವೆನ್ನಿ.

ಕೆಳಗಿನ ಗೋಡೆ ಏಕೆ? ಮರ ಸತ್ತ ಮೇಲೂ ನೀರು ಕುಡಿಯುತ್ತದೆ. ಖಾನಾಪುರ ತಾಲೂಕನ್ನೇ ನೋಡಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಅದೇ ತಾಲೂಕಿನಲ್ಲಿ ಮಾರ್ಚ್ ತಿಂಗಳಲ್ಲಿ ತುಟಿ ಒಡೆಯುವಂಥ ಒಣ ಗಾಳಿ. ಮರದ ಎಳೆಗಳು ಮಳೆಗಾಲದಲ್ಲಿ ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಇನ್ನೂ ಒಂದು ಸ್ವಾರಸ್ಯ ಕೇಳಿ. ಮರ ಎಲ್ಲ ದಿಕ್ಕಿಗೂ ಸಮವಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು. ಹಸಿ ಮರದಲ್ಲಿ ಕಡೆದ ದುಂಡು ಬಟ್ಟಲು ಒಣಗಿದ ಮೇಲೆ ಮೊಟ್ಟೆಯಾಕಾರ ತಾಳುವುದು ಇದರಿಂದ. ಮರ ಹೀಗೆ ಉಸಿರಾಡುವಾಗ ಮೇಲೆ ಅಂಟಿದ ಲೋಹದ ಪೊರೆ ಜೊತೆಗೆ ಹಿಗ್ಗಲಾರದು, ಬಿರಿಯುತ್ತದೆ. ಬಿರುಕಿನಲ್ಲಿ ನೀರಿಳಿದರೆ ಮುಂದಿನ ಕಥೆ ನಿಮಗೆ ತಿಳಿದದ್ದೇ.

ಆದ್ದರಿಂದ ಮೊದಲ ಕೆಲಸ ಮರವನ್ನು ಒಣಗಿಸುವುದು. ಒಣಗಿತೆಂದು ತಿಳಿಯುವುದು ಹೇಗೆ? ಕೈಯಿಂದ ಮುಟ್ಟಿ ಹೇಳುವ ಅನುಭವಿಗಳಿದ್ದಾರೆ, ನನಗೆ ತಕ್ಕಡಿಯ ಮೇಲೆ ಹೆಚ್ಚು ನಂಬಿಕೆ. ಒರಟಾಗಿ ಕಡೆದ ಬಟ್ಟಲನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಸುತ್ತಲಿನ ಗಾಳಿಯೊಡನೆ ಸಮತೋಲಕ್ಕೆ ಬಂದಿದೆ ಎಂದರ್ಥ. ಆಮೇಲೆ ಕೊನೆಯ ಕಡೆತ, ಕಾಗದದಿಂದ ಉಜ್ಜಿ ನುಣುಪು ಮಾಡುವುದು, ಅದರ ಮೇಲೆ ಮೊದಲ ಗೋಡೆ.

ಈ ಮೊದಲ ಗೋಡೆಗೆ ಅರಗಿಗಿಂತ ಒಳ್ಳೆಯದು ನಮ್ಮ ಕೈಗೆಟಕುವಂತೆ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅರಗು ಒಂದು ಪುಟ್ಟ ಕೀಟದ ಸ್ರಾವ. ಮುತ್ತುಗ, ಬೋರೆಯಂಥ ಮರಗಳ ಎಳೆ ಕೊಂಬೆಗಳಲ್ಲಿ ಈ ಕೀಟ ರಸ ಹೀರುತ್ತ, ತನ್ನ ಸುತ್ತ ರಾಳದ ಗೂಡು ಕಟ್ಟಿಕೊಳ್ಳುತ್ತದೆ. ಭಾರತದಲ್ಲಿ ಇದರ ಅಧ್ಯಯನಕ್ಕೆಂದೇ ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ 1924ರಲ್ಲಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಚನ್ನಪಟ್ಟಣದ ಗೊಂಬೆಗಳ ಹೊಳಪು ಅರಗಿನದೇ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಶಾಖಕ್ಕೆ ಅದು ಕರಗಿ ಹರಡುತ್ತದೆ, ತಾಳೆ ಗರಿಯಿಂದ ಒತ್ತಿ ತೀಡಿದರೆ ಹೊಳಪು ಬರುತ್ತದೆ. ಬ್ರಷ್ಷೂ ಬೇಡ, ದ್ರಾವಕವೂ ಬೇಡ.

ಬಟ್ಟಲಿಗೆ ಬೇಕಾದರೆ ಅರಗಿನ ತೆಳು ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ ಕರಗಿಸಿ ಹಚ್ಚಬಹುದು. ಒಂದು ಲೀಟರಿಗೆ ನೂರು ಗ್ರಾಂ ಹಾಕಿದರೆ ತೆಳ್ಳನೆಯ ಲೇಪ. ಪೀಠೋಪಕರಣಕ್ಕೆ ಹಚ್ಚುವ ಫ್ರೆಂಚ್ ಪಾಲಿಷ್ ಎಂದರೆ ಮೂಲದಲ್ಲಿ ಇದೇ. ಕಲಸಿ ಆರು ತಿಂಗಳು ಮೀರಿದ್ದನ್ನು ಬಳಸಬೇಡಿ. ಅರಗು ಸ್ಪಿರಿಟ್ಟಿನೊಡನೆ ನಿಧಾನವಾಗಿ ವರ್ತಿಸಿ ಎಸ್ಟರ್ ಆಗುತ್ತದೆ, ಆಮೇಲೆ ಎಷ್ಟು ಕಾದರೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಇನ್ನು ಬೆಂಕಿಯ ಎಚ್ಚರ! ಪಾಂಡವರಿಗೆಂದು ಕಟ್ಟಿದ ಮನೆ ಅರಗಿನದೇ ಆಗಿತ್ತೆಂಬುದನ್ನು ಮರೆಯಬೇಡಿ. ಸ್ಪಿರಿಟ್ಟಂತೂ ಅದಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೀಪ, ಸ್ಟೌ ಇರುವ ಕಡೆ ಈ ಕೆಲಸ ಸಲ್ಲದು. ಕಿಟಕಿ ತೆರೆದಿರಲಿ, ಹಿರಿಯರೊಬ್ಬರು ಜೊತೆಗಿರಲಿ.

ಬಟ್ಟಲಿನ ಹೊರಮೈ, ಒಳಮೈ, ಬುಡ, ಮೂರಕ್ಕೂ ಈ ಲೇಪ ಬೇಕು. ಬುಡ ಯಾರಿಗೂ ಕಾಣುವುದಿಲ್ಲವೆಂದು ಬಿಟ್ಟರೆ ತೇವ ಅಲ್ಲಿಂದಲೇ ಒಳಹೊಗುತ್ತದೆ. ಒಂದು ಮೈ ಉಬ್ಬಿ ಇನ್ನೊಂದು ಮೈ ಹಾಗೇ ಉಳಿದರೆ ಬಟ್ಟಲು ಸೊಟ್ಟಗಾಗುತ್ತದೆ.

ಈ ಲೇಪ ಒಣಗಿದ ಮೇಲೆ ಮಿರುಗು, ಅದರ ಮೇಲೆ ಎರಡನೆಯ ಗೋಡೆ. ಇಲ್ಲಿ ನಾನು ಅರಗನ್ನು ಅಷ್ಟು ಧೈರ್ಯವಾಗಿ ಹೇಳಲಾರೆ. ಅರಗಿನಲ್ಲಿ ಸ್ವಲ್ಪ ಆಮ್ಲಗುಣವಿದೆ. ಹಿತ್ತಾಳೆ ಪುಡಿಯನ್ನು ಅರಗಿನಲ್ಲೋ ಅಗಸೆ ಎಣ್ಣೆಯ ವಾರ್ನಿಷ್‌ನಲ್ಲೋ ಕಲಸಿ ಇಟ್ಟರೆ, ಕಾಲಕ್ರಮದಲ್ಲಿ ಡಬ್ಬಿಯೊಳಗೇ ಹಸಿರು ತಿರುಗುವುದುಂಟು. ರಕ್ಷಿಸಬೇಕಾದವನೇ ಕಚ್ಚಿದ ಹಾಗೆ. ಹಿತ್ತಾಳೆ, ತಾಮ್ರದ ಮಿರುಗಿಗೆ ಆಮ್ಲವಿಲ್ಲದ, ಬಣ್ಣವಿಲ್ಲದ ಅಕ್ರಿಲಿಕ್ ಲ್ಯಾಕರ್ ವಾಸಿ. ವಸ್ತುಸಂಗ್ರಹಾಲಯಗಳಲ್ಲಿ ಕಂಚಿನ ವಿಗ್ರಹಗಳಿಗೆ ಬಳಸುವ ಕೆಲವು ಲ್ಯಾಕರ್‌ಗಳಲ್ಲಿ ಅಕ್ರಿಲಿಕ್ ಜೊತೆಗೆ ಬೆಂಜೋಟ್ರಯಜೋಲ್ ಎಂಬ ಸಂಯುಕ್ತ ಇರುತ್ತದೆ. ಅದು ತಾಮ್ರದ ಮೇಲ್ಮೈಯ ಪರಮಾಣುಗಳನ್ನು ಹಿಡಿದುಕೊಂಡು, ಆಮ್ಲಜನಕಕ್ಕೂ ಕ್ಲೋರೈಡಿಗೂ ಎಡೆ ಕೊಡುವುದಿಲ್ಲ.

ಪಾಲಿಯುರೆಥೇನ್ ಬಲು ಗಟ್ಟಿ, ನೀರಿಗೂ ಬಗ್ಗದು. ಆದರೆ ಅದನ್ನು ದಪ್ಪಗೆ ಬಳಿದರೆ ಚಿನ್ನದ ರೇಕು ಪ್ಲಾಸ್ಟಿಕ್ ಕಾಗದದಂತೆ ಕಾಣುತ್ತದೆ. ಮುಂದೆ ದುರಸ್ತಿ ಬಂದರೆ ಕೆರೆದೇ ತೆಗೆಯಬೇಕು, ಜೊತೆಗೆ ಚಿನ್ನವೂ ಹೋಗುತ್ತದೆ. ಯಾವ ಲೇಪವಾದರೂ ಹೊಳಪಿನಲ್ಲಿ ಒಂದು ಪಾಲನ್ನು ತಾನು ತಿನ್ನುತ್ತದೆ. ಅಪ್ಪಟ ಚಿನ್ನದ ರೇಕು, ಕೈ ತಾಗದ ಜಾಗದಲ್ಲಿದ್ದರೆ, ಅದನ್ನು ಹಾಗೇ ಬಿಡುವುದೇ ಮೇಲು ಎಂದು ನಾನು ಹೇಳುತ್ತೇನೆ.

ಹಚ್ಚುವ ವಿಧಾನದಲ್ಲೂ ವಿಜ್ಞಾನವಿದೆ. ಮೊದಲ ಲೇಪವನ್ನು ಬ್ರಷ್ಷಿನಿಂದ ತಿಕ್ಕಿದರೆ ಲೋಹದ ಚಕ್ಕೆಗಳು ಕಿತ್ತು ಬರುತ್ತವೆ. ತೆಳ್ಳಗೆ ಸಿಂಪಡಿಸಬೇಕು, ಒಣಗಲು ಬಿಟ್ಟು ಮತ್ತೆ ಸಿಂಪಡಿಸಬೇಕು. ಮಳೆಗಾಲದ ಮಧ್ಯಾಹ್ನ ಬೇಡ. ದ್ರಾವಕ ಆವಿಯಾಗುವಾಗ ಬಟ್ಟಲಿನ ಮೇಲ್ಮೈಯಿಂದ ಶಾಖ ಹೀರುತ್ತದೆ, ಕೈಗೆ ಸ್ಪಿರಿಟ್ ಸವರಿಕೊಂಡಾಗ ತಣ್ಣಗಾಗುತ್ತದಲ್ಲ, ಹಾಗೆ. ಮೇಲ್ಮೈ ತಂಪಾಗಿ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಗಾಳಿಯ ನೀರಾವಿ ಅಲ್ಲೇ ಹನಿಗಟ್ಟಿ ಲೇಪದೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಮೂಡುವ ಬಿಳಿ ಮಬ್ಬನ್ನು ಕಂಡು ಎಷ್ಟೋ ಮಂದಿ ವಾರ್ನಿಷ್ ಕೆಟ್ಟಿದೆಯೆಂದು ತಿಳಿಯುತ್ತಾರೆ. ಕೆಟ್ಟಿರುವುದು ಆ ದಿನದ ಹವೆ.

ಹಾಗಾದರೆ ಅಕ್ರಿಲಿಕ್ ಇಲ್ಲದ ಕಾಲದಲ್ಲಿ ನಮ್ಮವರು ಏನು ಮಾಡುತ್ತಿದ್ದರು? ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಬನ್ನಿ. ಅಲ್ಲಿನ ಚಿತ್ರಗಾರರು ಮರದ ಗೊಂಬೆ, ದೇವತಾಮೂರ್ತಿಗಳಿಗೆ ಹೆಸರಾದವರು. ಬಟ್ಟಲು ಕಡೆಯುವುದು ಅವರ ಕಸುಬಲ್ಲ, ಆದರೆ ಮರದ ಮೇಲೆ ಲೋಹದ ಮಿರುಗು ತರುವ ಸಮಸ್ಯೆಯನ್ನು ಅವರು ಬಿಡಿಸಿದ ರೀತಿ ನೋಡುವಂಥದ್ದು. ಮೊದಲು ಮರದ ಮೇಲೆ ಹುಣಸೆ ಬೀಜದ ಅಂಟು, ಮರದ ಹೊಟ್ಟು, ಸೆಣಬಿನ ಚೂರುಗಳಿಂದ ಮಾಡಿದ 'ಕಿಟ್ಟ'ದ ಪದರ. ಅದರ ಮೇಲೆ ಬಟ್ಟೆಯ ತುಣುಕು, ಮತ್ತೆ ಕಲ್ಲಿನ ಪುಡಿಯ ನುಣುಪು ಲೇಪ. ನಾನು ಹೇಳಿದ ಕೆಳಗಿನ ಗೋಡೆ ಇದು, ಅದೂ ಮರದ ಜೊತೆ ತುಸು ಮಣಿಯಬಲ್ಲ ಗೋಡೆ. ಅಲ್ಲಿಂದ ಮುಂದೆ 'ಲಾಜವಾರ' ಎಂಬ ವಿಧಾನ. ತವರವನ್ನು ನುಣ್ಣಗೆ ಪುಡಿ ಮಾಡಿ, ಅಂಟಿನಲ್ಲಿ ಕಲಸಿ, ಹಚ್ಚಿ, ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕಿದರೆ ಬೆಳ್ಳಿಯ ಹೊಳಪು. ಚಿನ್ನ ಬೇಕಾದ ಕಡೆ ಅದರ ಮೇಲೆ ಹಳದಿ ವಾರ್ನಿಷ್.

ಇದರಲ್ಲಿರುವ ಭೌತಶಾಸ್ತ್ರವನ್ನು ಗಮನಿಸಿ. ತವರ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚು ಕಡಿಮೆ ಸಮವಾಗಿ ಹಿಂದಿರುಗಿಸುತ್ತದೆ, ಬೆಳ್ಳಗೆ ಕಾಣುತ್ತದೆ. ಚಿನ್ನ ನೀಲಿ ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತದೆ, ಹಳದಿಯಾಗಿ ಕಾಣುತ್ತದೆ. ಹಳದಿ ವಾರ್ನಿಷ್‌ನ ಪದರವೂ ನೀಲಿಯನ್ನೇ ಹೀರುತ್ತದೆ. ಬೆಳಕು ಒಳಹೋಗುವಾಗ ಒಮ್ಮೆ, ತವರಕ್ಕೆ ಬಡಿದು ಮರಳುವಾಗ ಇನ್ನೊಮ್ಮೆ ಆ ಪದರವನ್ನು ಹಾಯುತ್ತದೆ. ಹೊರಬಂದ ಬೆಳಕು ಕಣ್ಣಿಗೆ ಚಿನ್ನ. ಬಣ್ಣ ಕೊಡುವ ಪದರವೇ ಕಾಯುವ ಪದರವೂ ಆಯಿತು. ಒಳಗಿರುವ ಲೋಹವೋ, ಸುಲಭಕ್ಕೆ ಕೆಡದ ತವರ! ಹಿತ್ತಾಳೆಯ ಗೊಡವೆಯೇ ಇಲ್ಲ. ಯುರೋಪಿನಲ್ಲಿ ಹನ್ನೆರಡನೆಯ ಶತಮಾನದ ಥಿಯೋಫಿಲಸ್ ಎಂಬ ಸನ್ಯಾಸಿ ಬರೆದ ಕರಕುಶಲ ಗ್ರಂಥದಲ್ಲೂ ತವರದ ತಗಡಿಗೆ ಹಳದಿ ಹೊಳಪು ಕೊಟ್ಟು ಚಿನ್ನದಂತೆ ಕಾಣಿಸುವ ಕ್ರಮ ಇದೆ.

ಕಡೆದ ಬಟ್ಟಲಿನಲ್ಲೇ ಇದನ್ನು ಸಾಧಿಸಿದವರು ರಷ್ಯಾದ ಖೊಖ್ಲೊಮಾ ಕಸುಬಿನವರು. ನಿಜ್ನಿ ನವ್‌ಗೊರೊದ್ ಸೀಮೆಯಲ್ಲಿ ಹದಿನೇಳನೆಯ ಶತಮಾನದಿಂದ ಬಂದ ಕಲೆ. ಲಿಂಡನ್ ಮರದ ಬಟ್ಟಲನ್ನು ಕಡೆದು ಒಣಗಿಸಿ, ಮೈಯೆಲ್ಲ ಜೇಡಿಮಣ್ಣಿನ ತೆಳುಪು ಸವರುತ್ತಾರೆ. ಮರದ ರಂಧ್ರಗಳು ಮುಚ್ಚುತ್ತವೆ. ಆಮೇಲೆ ಅಗಸೆ ಎಣ್ಣೆ. ಎಣ್ಣೆ ಪೂರ್ತಿ ಒಣಗುವ ಮುನ್ನ, ಬೆರಳಿಗೆ ಅಂಟುವ ಹದದಲ್ಲಿರುವಾಗ, ತವರದ ಪುಡಿಯನ್ನು ಉಜ್ಜುತ್ತಾರೆ. ಈಗ ತವರದ ಬದಲು ಅಲ್ಯೂಮಿನಿಯಂ ಬಂದಿದೆ. ಬಟ್ಟಲು ಬೆಳ್ಳಿಯಂತಾಗುತ್ತದೆ. ಕೆಂಪು, ಕಪ್ಪು ಬಣ್ಣದಲ್ಲಿ ಹೂಬಳ್ಳಿ ಬರೆದು, ಹಲವು ಸಲ ವಾರ್ನಿಷ್ ಹಚ್ಚಿ, ಒಲೆಗೂಡಿನಲ್ಲಿ ಬೇಯಿಸುತ್ತಾರೆ. ಶಾಖಕ್ಕೆ ವಾರ್ನಿಷ್ ಗಟ್ಟಿಯಾಗುವುದರ ಜೊತೆಗೆ ಹಳದಿಯೂ ಆಗುತ್ತದೆ, ಬೆಳ್ಳಿ ಚಿನ್ನವಾಗುತ್ತದೆ! ವಾರ್ನಿಷ್ ಹಳದಿಯಾಗುವುದು ನಮಗೆ ದೋಷ, ಅವರಿಗೆ ಅದೇ ಕಲೆ. ಜಪಾನಿನಲ್ಲಿ ಹಸಿ ಮರಹಾಲಿನ ಲೇಪದ ಮೇಲೆ ಚಿನ್ನದ ಪುಡಿ ಉದುರಿಸಿ, ಮತ್ತೆ ಅದೇ ಲೇಪದಿಂದ ಮುಚ್ಚಿ, ಇದ್ದಿಲಿನಿಂದ ತೀಡಿ ಚಿನ್ನವನ್ನು ಮೇಲಕ್ಕೆ ತರುವ ವಿಧಾನವಿದೆ. ಅದು ಬೇರೆಯೇ ಒಂದು ಮಾತುಕತೆಗೆ ಆಗುವಷ್ಟು ದೊಡ್ಡದು.

ಇಟ್ಟಿಗೆ, ಹಂಚು, ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಣ್ಣು ಕ್ಯಾಂಪಿನ ಲೇತ್‌ಗಳಿಂದ ದೂರವಿಲ್ಲ. ಆ ಮಣ್ಣಿನ ತೆಳುಪನ್ನು ನಮ್ಮ ಬಟ್ಟಲಿನ ಮೇಲೆ ಯಾರಾದರೂ ಪರೀಕ್ಷಿಸಿ ನೋಡಬಾರದೇಕೆ ಎಂದು ನನಗೆ ಆಗಾಗ ಅನ್ನಿಸುವುದುಂಟು. ನಮ್ಮ ಗೆಳೆಯರಂತೂ ಹಿತ್ತಾಳೆ ಪುಡಿ ಬಿಟ್ಟು ಅಲ್ಯೂಮಿನಿಯಂ ಪುಡಿ ಹಿಡಿದಿದ್ದಾರೆ. ಅದರ ಮೇಲೆ ಹಳದಿ ಛಾಯೆಯ ಲ್ಯಾಕರ್. ಮೊದಲ ಮಳೆಗಾಲ ದಾಟಿದ ಬಟ್ಟಲುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಹಸಿರು ಕಾಣಲಿಲ್ಲ.

ಮನೆಯಲ್ಲಿ ಇಂಥ ಬಟ್ಟಲು ಇದ್ದರೆ ಕೆಲವು ಮಾತು. ಅಜ್ಜಿ ತಂಬಿಗೆ ತಿಕ್ಕುವಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಣಸೆಯ ಆಮ್ಲ ತಂಬಿಗೆಯ ಕಿಲುಬನ್ನು ಕರಗಿಸಿ ಹೊಸ ಲೋಹವನ್ನು ಹೊರತೋರಿಸುತ್ತದೆ. ತಂಬಿಗೆಗೆ ದಪ್ಪವಿದೆ, ತಡೆಯುತ್ತದೆ. ಬಟ್ಟಲಿನ ಲೋಹ ಒಂದೇ ತಿಕ್ಕಿಗೆ ಮುಗಿದುಹೋಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು, ವರ್ಷಕ್ಕೊಮ್ಮೆ ತೆಳ್ಳಗೆ ಮೇಣ ಸವರಿದರೆ ಗೀಚುಗಳನ್ನು ಮೇಣವೇ ಹೊರುತ್ತದೆ. ಅರಗಿನ ಲೇಪವಿರುವ ಬಟ್ಟಲಿನಲ್ಲಿ ಒದ್ದೆ ಕುಂಕುಮ ಇಡಬೇಡಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಕ್ಷಾರಗುಣದ್ದು, ಅರಗು ಕ್ಷಾರದಲ್ಲಿ ಕರಗುತ್ತದೆ. ಬಿಸಿ ಚಹಾದ ಲೋಟವನ್ನೂ ಅದರ ಮೇಲೆ ಇಡಬೇಡಿ, ಬಿಳಿ ಉಂಗುರ ಮೂಡುತ್ತದೆ. ಒಳಮೈಗೆ ಲೋಹದ ಬಣ್ಣವಿರುವ ಬಟ್ಟಲಿನಲ್ಲಿ ಮೊಸರು, ಉಪ್ಪಿನಕಾಯಿ, ಕೋಸಂಬರಿ ಹಾಕಿ ತಿನ್ನುವುದಂತೂ ಕೂಡದು. ಮೇಲೆ ಎಂಥ ಲ್ಯಾಕರ್ ಇದ್ದರೂ ಸರಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಾಯಿಸಬಾರದೆಂದು ಹಿರಿಯರು ಹೇಳುತ್ತಿದ್ದುದು ಇಲ್ಲಿಗೂ ಅನ್ವಯ.

ಕೊನೆಯದಾಗಿ, ನೀವೇ ಮಾಡಬಹುದಾದ ಒಂದು ಪ್ರಯೋಗ. ಶಾಲೆಯ ಪ್ರಯೋಗಾಲಯದಲ್ಲಿ ತಾಮ್ರದ ತಗಡು, ಹಿತ್ತಾಳೆಯ ತಗಡು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಇವುಗಳ ಬೆರಳಗಲದ ಚೂರುಗಳನ್ನು ತೆಗೆದುಕೊಳ್ಳಿ. ಪ್ರತಿ ಚೂರಿನ ಅರ್ಧ ಭಾಗಕ್ಕೆ ಬಣ್ಣವಿಲ್ಲದ ಉಗುರು ಪಾಲಿಷ್ ಹಚ್ಚಿ ಒಣಗಿಸಿ. ಆಟದ ಮೈದಾನದಿಂದ ಬೆವರಿ ಬಂದವನೊಬ್ಬ ಎರಡೂ ಅರ್ಧಗಳ ಮೇಲೆ ಹೆಬ್ಬೆರಳು ಒತ್ತಲಿ. ಅಗಲ ಬಾಯಿಯ ಗಾಜಿನ ಬಾಟಲಿಯ ತಳದಲ್ಲಿ ಎರಡು ಚಮಚ ವಿನೆಗರ್ ಹಾಕಿ, ಚೂರುಗಳನ್ನು ಅದಕ್ಕೆ ತಾಗದಂತೆ ದಾರದಲ್ಲಿ ತೂಗುಬಿಟ್ಟು ಮುಚ್ಚಳ ಹಾಕಿ. ಇನ್ನೊಂದು ಬಾಟಲಿಯಲ್ಲಿ ವಿನೆಗರ್ ಬದಲು ಬರೀ ನೀರು. ಎರಡು ವಾರ ದಿನವೂ ನೋಡಿ ಬರೆದಿಡಿ. ಯಾವ ಲೋಹ ಮೊದಲು ಬಣ್ಣ ಬದಲಿಸಿತು, ಎಲ್ಲಿಂದ ಶುರುವಾಯಿತು, ಪಾಲಿಷ್ ಹಚ್ಚಿದ ಅರ್ಧದಲ್ಲಿ ಹೆಬ್ಬೆರಳ ಗುರುತು ಏನಾಯಿತು? ಪಾಲಿಷ್‌ನ ಅಂಚನ್ನು ವಿಶೇಷವಾಗಿ ಗಮನಿಸಿ. ಲೇಪ ತೆಳುವಾದ, ಸೂಜಿ ಮೊನೆಯಷ್ಟು ಬಿಟ್ಟುಹೋದ ಕಡೆಯಿಂದಲೇ ಹಸಿರು ಒಳಕ್ಕೆ ತೆವಳುವುದು ಭೂತಗನ್ನಡಿಯಲ್ಲಿ ಕಾಣಸಿಗಬಹುದು.